ಎಡೆಯಲ್ಲಿ ಒಂದು ಕಪ್ಪು ಕಲ್ಲು

ಸತ್ತವರಿಗೆ ಎಡೆ ಇಡುವಾಗ ಬಾಳೆ ಎಲೆಯ ಮೇಲೆ ಕಲ್ಲು ಇಡಬಹುದೇ? ಕಳೆದ ವಾರ ಸರಸ್ವತಿಪುರಂನ ನಮ್ಮ ಮನೆಯಲ್ಲಿ ಇದೇ ದೊಡ್ಡ ಜಗಳ.

ಅಕ್ಕನ ತಿಥಿ. ಅವಳು ಗ್ರಹಗಳ ಭೂವಿಜ್ಞಾನಿ. ಜೀವಮಾನವಿಡೀ ಬೇರೆ ಲೋಕಗಳ ಜ್ವಾಲಾಮುಖಿಗಳನ್ನೇ ಓದಿದಳು. ಅದರಲ್ಲೂ ಗುರುಗ್ರಹದ 'ಅಯೋ' ಎಂಬ ಚಂದ್ರ ಎಂದರೆ ಪ್ರಾಣ. (ಅಲ್ಲಿ ಸದಾ ಎಲ್ಲೋ ಒಂದು ಕಡೆ ಬೆಂಕಿ ಉಗುಳುತ್ತಲೇ ಇರುತ್ತದಂತೆ.)

ನಮ್ಮಲ್ಲಿ ತಿಥಿಯ ದಿನ, ಹೋದವರಿಗೆ ಇಷ್ಟವಾದದ್ದನ್ನೆಲ್ಲ ಎಡೆಗೆ ಇಡುತ್ತೇವೆ. ಮುದ್ದೆ, ಬಸ್ಸಾರು, ಫಿಲ್ಟರ್ ಕಾಫಿ ಇಟ್ಟಾಯಿತು. ಆಗ ಊರಿಂದ ಬಂದಿದ್ದ ಸೋದರತ್ತೆ ಬ್ಯಾಗಿನಿಂದ ಧಾರೆ ಸೀರೆ, ಹಸಿರು ಬಳೆ ತೆಗೆದರು.

"ಮದ್ವೆ ಇಲ್ದಂಗೆ ಹೋಗ್ಬುಟ್ಲು. ಆಸೆ ಉಳ್ಕೊಂಡಿರ್ತದೆ, ಇಡವ್ವ" ಅಂದರು.

ಅತ್ತೆ ಕೆಟ್ಟವರಲ್ಲ. ಕಣ್ಣಲ್ಲಿ ನೀರಿತ್ತು. ಆದರೆ ಬದುಕಿದ್ದಾಗ ಇಲ್ಲದ ಆಸೆಯನ್ನು ಸತ್ತ ಮೇಲೆ ಹೊರಿಸುವುದು ಯಾವ ನ್ಯಾಯ? ಬಂದ ಗಂಡುಗಳನ್ನೆಲ್ಲ ನಗುನಗುತ್ತಲೇ ಬೇಡ ಅಂದವಳು ಅವಳು.

ಸೀರೆ ಪಕ್ಕಕ್ಕಿಟ್ಟೆ. ಅಕ್ಕನ ಮೇಜಿನ ಮೇಲಿದ್ದ ಕಪ್ಪು ಕಲ್ಲು ತಂದು ಎಲೆಯ ತುದಿಗೆ ಇಟ್ಟೆ. ವಿಜಯಪುರದ ಕಡೆಯಿಂದ ಆರಿಸಿ ತಂದದ್ದು. ಕೋಟ್ಯಂತರ ವರ್ಷಗಳ ಹಿಂದೆ ಲಾವಾ ಆಗಿ ಹರಿದದ್ದು.

"ಅಲ್ಲಿಗೆ ಹೋಗಕ್ಕಾಗಲ್ಲ ಕಣೇ. ಇಲ್ಲಿ ತಣ್ಣಗಾಗಿರೋದನ್ನ ನೋಡಿ, ಅಲ್ಲಿ ಉರೀತಿರೋದನ್ನ ತಿಳ್ಕೋಬೇಕು" ಅನ್ನುತ್ತಿದ್ದಳು. ಬಾಹ್ಯಾಕಾಶ ನೌಕೆ ಕಳಿಸಿದ ಫೋಟೋಗಳನ್ನು ಕಂಪ್ಯೂಟರಿನಲ್ಲಿ ತೆರೆದು, ಈ ಕಲ್ಲನ್ನು ಕೈಯಲ್ಲಿ ಹೊರಳಿಸುತ್ತಾ ಕೂತುಬಿಡುತ್ತಿದ್ದಳು. ನಾನು ಕಣ್ಣಾರೆ ಕಂಡ ಅವಳ ಕೆರಿಯರ್ ಅಷ್ಟೇ. ಈಗ ಆ ಕುರ್ಚಿ ಖಾಲಿ.

ಮನೆ ತುಂಬ ಗುಸುಗುಸು. ಅವಳೇನು ಕಲ್ಲು ತಿಂತಾಳಾ ಅಂತ ಯಾರೋ ನಕ್ಕರು. ಮನೆಗೆ ಒಳ್ಳೆಯದಲ್ಲ ಅಂತ ಇನ್ಯಾರೋ ತಲೆಯಾಡಿಸಿದರು. ನಾನು ಕಲ್ಲು ತೆಗೆಯಲಿಲ್ಲ.

"ಮಾವ ಹೋದಾಗ ಎಡೆಗೆ ಬೀಡಿ ಕಟ್ಟು, ಬೆಂಕಿಪೊಟ್ಟಣ ಇಟ್ಟಿದ್ದು ನೀವೇ ಅಲ್ವಾ ಅತ್ತೆ?"

"ಅದು ಅವರ ಚಟ ಕಣವ್ವ."

"ಇದು ಇವಳ ಚಟ."

ಅತ್ತೆ ಸೆರಗಿನಿಂದ ಮೂಗು ಒರೆಸಿಕೊಂಡರು. (ತಮ್ಮ ಗಂಡನ ಬೀಡಿ ನೆನಪಾಗಿರಬೇಕು.) ಸೀರೆಯನ್ನು ಬ್ಯಾಗಿಗೆ ಸೇರಿಸುತ್ತಾ, ಆದರೂ ಏನಾದರೊಂದು ಆಸೆ ಉಳಿದೇ ಇರುತ್ತದೆ ಅಂತ ಗೊಣಗಿದರು.

ಉಳಿದಿತ್ತು. ಗುರುವಿನ ಆ ಚಂದ್ರನ ಒಂದೇ ಒಂದು ಚೂರು ಕಲ್ಲು ಕೈಯಲ್ಲಿ ಹಿಡಿಯಬೇಕು ಅಂತ. ಅದನ್ನು ಯಾವ ಅಂಗಡಿಯಿಂದ ತಂದು ಎಡೆಗೆ ಇಡಲಿ, ನೀವೇ ಹೇಳಿ?