ಪರಸಿ ತೊಳೆದ ಗುರುವಾರ

ವಯಸ್ಸಾದವರು ಬಿದ್ದರೆ ನನಗೆ ಮೊದಲು ಬರುವುದು ಕನಿಕರವಲ್ಲ, ಸಿಟ್ಟು. ಬಿದ್ದವರ ಮೇಲಲ್ಲ, ಸುತ್ತ ನೆರೆದು ‘ನೋಡಿ ನಡೀಬಾರದೇನು’ ಎಂದು ಉಪದೇಶಿಸುವವರ ಮೇಲೆ. ಪುರಾಣದಲ್ಲಿ ಗಂಧರ್ವ ಸ್ವರ್ಗದಿಂದ ಬಿದ್ದರೆ ಶಾಪ ಕೊಟ್ಟವರ ಹೆಸರನ್ನಾದರೂ ಹೇಳುತ್ತಾರೆ. ಹರೆಯದವನು ಜಾರಿದರೆ ಬಾಳೆಹಣ್ಣಿನ ಸಿಪ್ಪೆ ಎಸೆದವನನ್ನು ಬೈಯುತ್ತೇವೆ. ಮುದುಕಿ ಜಾರಿದರೆ ಮಾತ್ರ ಮುದುಕಿಯನ್ನೇ ಬೈಯುತ್ತೇವೆ. ಇದು ಯಾವ ಸೀಮೆಯ ನ್ಯಾಯವೋ ನನಗಂತೂ ತಿಳಿದಿಲ್ಲ.

ಎಂಬತ್ತರ ದಶಕದಲ್ಲಿ ನಾವು ಮಾನ್ವಿಯಲ್ಲಿದ್ದೆವು. ಸೋದರತ್ತೆ ನಮ್ಮ ಜೊತೆಗೇ ಇದ್ದಳು. ಒಮ್ಮೆ ಬಚ್ಚಲಲ್ಲಿ ಜಾರಿದ್ದೇ ನೆಪವಾಗಿ ನನ್ನಣ್ಣ ಅವಳ ತಿರುಗಾಟವನ್ನೆಲ್ಲ ನಿಲ್ಲಿಸಿಬಿಟ್ಟ. ಸಂತೆ ಬಂದ್, ಚೀಕಲಪರ್ವಿಯ ಹೊಳೆ ಸ್ನಾನ ಬಂದ್, ದೇವದುರ್ಗದ ತಂಗಿಯ ಮನೆಯೂ ಬಂದ್. ಉಳಿದದ್ದು ಗುರುವಾರದ ಸಮುದಾಯ ಭವನವೊಂದೇ. ಅಲ್ಲಿ ಮಹಿಳಾ ಮಂಡಳಿಯವರು ಹಿರಿಯರಿಗೆ ಬೀಳದಂತೆ ನಡೆಯಲು ಕಲಿಸುತ್ತಿದ್ದರು. ಕಿಟಕಿಯ ಸರಳು ಹಿಡಿದು ಒಂಟಿ ಕಾಲಲ್ಲಿ ನಿಲ್ಲುವುದು, ಕೈಯೂರದೆ ಕುರ್ಚಿಯಿಂದ ಏಳುವುದು. ಅತ್ತೆ ಇದನ್ನು ಅಡುಗೆಮನೆಯಲ್ಲಿ ನನಗೂ ಕಲಿಸಹೋಗಿ, ನಾನು ಸಾರಿನ ಪಾತ್ರೆಯ ಮೇಲೆ ಬೀಳುವುದು ಸ್ವಲ್ಪದರಲ್ಲಿ ತಪ್ಪಿತು.

“ಅಲ್ಲೂ ಬಿದ್ದಿ ಅಂದ್ರ ಮುಗೀತು ನೋಡತ್ತಿ. ಮತ್ತ ಮನಿ ಬಿಟ್ಟು ಎಲ್ಲೂ ಹೋಗಂಗಿಲ್ಲ” ಎಂದು ಅಣ್ಣ ಎಚ್ಚರಿಸಿದ್ದ.

ಒಂದು ಗುರುವಾರ ರಾಯಚೂರಿನಿಂದ ಡಾಕ್ಟರೊಬ್ಬರು ಭಾಷಣಕ್ಕೆ ಬರುವವರಿದ್ದರು. ದೊಡ್ಡವರು ಬರುತ್ತಾರೆಂದರೆ ನಮ್ಮವರ ಕೈ ಸುಮ್ಮನಿರುವುದುಂಟೇ? ಭವನದ ನೆಲಕ್ಕೆ ಹಾಸಿದ್ದ ನುಣುಪು ಶಹಾಬಾದಿ ಕಲ್ಲಿನ ಪರಸಿಗೆ ಕೊಡಗಟ್ಟಲೆ ನೀರು ಸುರಿದು ತೊಳೆದರು. ಆರುವಷ್ಟು ಹೊತ್ತೂ ತಾಳದೆ ಬಾಗಿಲಲ್ಲಿ ರಂಗೋಲಿ ಹಾಕಿದರು. ಹಿರಿಯರೆಲ್ಲ ಚಪ್ಪಲಿ ಹೊರಗೆ ಬಿಡಬೇಕೆಂದು ಅಪ್ಪಣೆಯಾಯಿತು. ಡಾಕ್ಟರು ಬೂಟು ಹಾಕಿಕೊಂಡೇ ವೇದಿಕೆ ಹತ್ತಿದರು. ಹಸಿ ನೆಲದ ಮೇಲೆ ಹಿರಿಯರು ಕಾಲಿಡಲೇಬಾರದೆಂದು ಅವರು ಹೇಳುತ್ತಿರುವಾಗಲೇ ಅತ್ತೆ ಬಾಗಿಲ ಬಳಿ ಜಾರಿ ಕುಸಿದಳು.

ಪುಣ್ಯಕ್ಕೆ ಪೆಟ್ಟಾಗಿರಲಿಲ್ಲ. ಆದರೆ ಮಂಡಳಿಯ ಅಧ್ಯಕ್ಷೆ ಓಡಿಬಂದು, “ಯವ್ವಾ, ಈ ವಯಸ್ಸಿನ್ಯಾಗ ಮನ್ಯಾಗ ಕುಂದ್ರಬಾರದೇನ್ರಿ?” ಎಂದರು. ಅತ್ತೆಯನ್ನೂ ನನ್ನನ್ನೂ ಕರೆತಂದಿದ್ದ ಅಣ್ಣ ಹೌದೆಂಬಂತೆ ತಲೆಯಾಡಿಸಿದ. ನನಗೆ ಮೈಯೆಲ್ಲ ಉರಿದುಹೋಯಿತು. ನೀರು ಸುರಿದವರು ಇವರು, ಚಪ್ಪಲಿ ಬಿಡಿಸಿದವರು ಇವರು, ಬೈಸಿಕೊಳ್ಳುವವಳು ಅತ್ತೆ. ಜಗಳಕ್ಕೆಂದು ನಾನು ಬಾಯಿ ತೆರೆಯುವಷ್ಟರಲ್ಲಿ ಅತ್ತೆ, ಎಡವಿಬಿದ್ದ ಕೂಸನ್ನು ಸಮಾಧಾನಪಡಿಸುವವರ ಹಾಗೆ, ಕೂತಲ್ಲಿಂದಲೇ ಪರಸಿಗೆ ಅಂಗೈಯಿಂದ ಪಟಪಟನೆ ಹೊಡೆದಳು.

“ಬೈಯೂದಿದ್ರ ಇದಕ್ಕ ಬೈರಿ,” ಎಂದಳು. “ಮುಂದಿನ ಗುರುವಾರ ನಾ ಬರೂದ್ರಾಗ ಒಣಗಿಸಿ ಇಡ್ರಿ.”