ಅವಳ ಮೊದಲ ಮುಖ

ಬಿಳೇಕಹಳ್ಳಿಯಲ್ಲಿ ದೋಸೆ ಹಿಟ್ಟಿನ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿ ನನ್ನ ಸ್ಟುಡಿಯೋ. ಹುಟ್ಟಿ ಹತ್ತು ಹದಿನೈದು ದಿನವಾದ ಕೂಸುಗಳ ಫೋಟೋ ತೆಗೆಯುವುದು ನನ್ನ ಕೆಲಸ. ಕೆಳಗಿನ ಗ್ರೈಂಡರುಗಳ ಸದ್ದಿಗೆ ಮೊದಮೊದಲು ಸಿಡಿಮಿಡಿಗೊಳ್ಳುತ್ತಿದ್ದೆ. ಆ ಗುರ್ರೆನ್ನುವ ಸದ್ದಿಗೇ ಮಕ್ಕಳು ಬೇಗ ನಿದ್ದೆ ಹೋಗುತ್ತವೆ ಎಂದು ತಿಳಿದ ಮೇಲೆ ಸುಮ್ಮನಾದೆ.

ಎರಡು ವರ್ಷದ ಹಿಂದೆ ಒಂದು ಬೆಳಿಗ್ಗೆ ಬಿಟಿಎಂ ಲೇಔಟಿನಿಂದ ಆಟೋದಲ್ಲಿ ಗಂಡ ಹೆಂಡತಿ ಬಂದರು. ಗದಗಿನ ಕಡೆಯವರು, ಗಂಡನಿಗೆ ಇಲ್ಲೇ ಒಂದು ಆಫೀಸಿನಲ್ಲಿ ಕೆಲಸ. ಹನ್ನೆರಡು ದಿನದ ಹೆಣ್ಣುಮಗು ತಾಯಿಯ ಸೆರಗಿನೊಳಗಿತ್ತು. ಸೆರಗು ಸರಿಸಿದಾಗ ನೋಡಿದೆ: ಮೇಲ್ದುಟಿ ಎಡಗಡೆ ಮೂಗಿನ ಹೊಳ್ಳೆಯವರೆಗೆ ಸೀಳಿತ್ತು. ಫೋನಿನಲ್ಲಿ ಅವರು ಹೇಳಿರಲಿಲ್ಲ.

"ಮೂರು ತಿಂಗಳಾದ ಮ್ಯಾಲೆ ಆಪರೇಷನ್ ಅಂದಾರ್ರಿ ಡಾಕ್ಟರು," ಎಂದಳು ತಾಯಿ, ನಾನು ಕೇಳುವ ಮುಂಚೆಯೇ.

ಮಗು ಮೊಲೆ ಹಿಡಿಯುತ್ತಿರಲಿಲ್ಲ. ಆಕೆ ಹಾಲು ಹಿಂಡಿ ತಂದಿದ್ದಳು. ಚಮಚದಲ್ಲಿ ಒಂದೊಂದೇ ಗುಟುಕು ಕುಡಿಸಿ ಮುಗಿಸಲು ಮುಕ್ಕಾಲು ಗಂಟೆ ಹಿಡಿಯಿತು. ಆಕೆಗೆ ಯಾವ ಅವಸರವೂ ಇರಲಿಲ್ಲ. ಕೊನೆಗೆ ತೇಗಿಸಿ ನನ್ನ ಕೈಗೆ ಕೊಟ್ಟಳು. ನಾನು ಅಂಗೈ ಉಜ್ಜಿ ಬೆಚ್ಚಗೆ ಮಾಡಿಕೊಂಡು, ಮಗುವನ್ನು ಉಣ್ಣೆಯ ಹೊದಿಕೆಯ ಮೇಲೆ ಮಲಗಿಸಿ, ತಲೆಯನ್ನು ಮೆಲ್ಲಗೆ ಎಡಕ್ಕೆ ಹೊರಳಿಸಿದೆ. ಸೀಳು ಹೊದಿಕೆಯೊಳಗೆ ಮರೆಯಾಯಿತು. ಬಲಗೆನ್ನೆ, ಮುಚ್ಚಿದ ರೆಪ್ಪೆ, ಪುಟ್ಟ ಕಿವಿ. ನಾಲ್ಕೈದು ಫೋಟೋ ತೆಗೆದೆ.

ಅಷ್ಟರಲ್ಲಿ ಗಂಡ ನನ್ನ ಪಕ್ಕಕ್ಕೆ ಬಂದು ದನಿ ತಗ್ಗಿಸಿ ಕೇಳಿದ, "ಮೇಡಂ, ಕಂಪ್ಯೂಟರ್‌ನ್ಯಾಗ ತುಟಿ ಸರಿ ಮಾಡಾಕ ಬರ್ತೈತಲ್ರಿ? ಫೋಟೋ ಊರಿಗೆ ಕಳಸ್ಬೇಕಾಗೈತಿ."

"ಮಾಡಬಹುದು, ಸಾರ್. ಕಷ್ಟ ಏನಿಲ್ಲ."

ಆಕೆಗೆ ಅದು ಕೇಳಿಸಿತ್ತು. ಎದ್ದು ಬಂದು ಕ್ಯಾಮೆರಾದ ಪರದೆ ನೋಡಿದಳು.

"ಮೇಡಂ, ಆ ಕಡೆ ಯಾಕ ಮುಚ್ಚೀರಿ?"

"ಹೀಗೆ ಚೆನ್ನಾಗಿ ಕಾಣುತ್ತೆ ಅಂತ..." ಎಂದೆ.

ಆಕೆ ಸಿಟ್ಟಾಗಲಿಲ್ಲ. ಗಂಡನ ಕಡೆ ತಿರುಗಿ ಹೇಳಿದಳು, "ಆಪರೇಷನ್ ಆದ್ರ ಈ ಮುಖ ಹೋಗಿಬಿಡ್ತೈತಿ. ನಾ ಮೊದ್ಲು ನೋಡಿದ್ದು ಇದನ್ನ. ಇದು ನನಗ ಬೇಕು. ಊರಿಗೆ ಬ್ಯಾಡ ಅಂದ್ರ ಕಳಸಬ್ಯಾಡ್ರಿ."

ಆತ ತಲೆ ಬಗ್ಗಿಸಿ ನಿಂತ. ನನಗೂ ಮುಖ ಎತ್ತಲಾಗಲಿಲ್ಲ. ಆತ ಬಾಯಿಬಿಟ್ಟು ಕೇಳಿದ್ದನ್ನು ನಾನು ಯಾರೂ ಕೇಳದೆಯೇ ಮಾಡಿದ್ದೆ.

ಮಗುವನ್ನು ಅಂಗಾತ ಮಲಗಿಸಿದೆ. ಕಿಟಕಿಯ ಬೆಳಕು ನೇರವಾಗಿ ಮುಖದ ಮೇಲೆ ಬಿತ್ತು. ನಿದ್ದೆಯಲ್ಲಿ ಅದು ನಕ್ಕಿತು. ಅಂಥ ನಗುವನ್ನು ನಾನು ಕಂಡಿರಲಿಲ್ಲ. ಸೀಳು ಅಗಲವಾಗಿ ತೆರೆದುಕೊಂಡು ಇಡೀ ಮುಖವೇ ಬಾಯಿಯಾದ ಹಾಗೆ ನಕ್ಕಿತು. "ನೋಡ್ರಿ, ನೋಡ್ರಿ," ಎಂದು ತಾಯಿ ಪಿಸುಗುಟ್ಟಿದಳು.

ಸ್ವಲ್ಪ ಹೊತ್ತಿನ ಮೇಲೆ ಗಂಡ ಹತ್ತಿರ ಬಂದು ಕುಳಿತ. ಬೆರಳ ತುದಿಯಿಂದ ಆ ತುಟಿಯನ್ನು ಮುಟ್ಟಿದ.

"ನೋವಾಗ್ತೈತೇನೋ ಅಂತ ಇಷ್ಟು ದಿನ ಮುಟ್ಟಿದ್ದಿಲ್ಲರಿ," ಎಂದ. ಮತ್ತೆ, "ಕೂಸಿನ ಜೋಡಿ ನಂದೂ ಒಂದು ತಗೀರಿ. ಹಿಂಗ, ನೇರ."

ಆ ಫೋಟೋಗಳನ್ನು ನಾನು ಕಂಪ್ಯೂಟರಿನಲ್ಲಿ ಎಲ್ಲಿಯೂ ತಿದ್ದಲಿಲ್ಲ.

ಮಗುವಿಗೆ ಆರು ತಿಂಗಳಾದಾಗ ಮತ್ತೆ ಬಂದರು. ತುಟಿ ಕೂಡಿಕೊಂಡಿತ್ತು, ಮೂಗಿನ ಕೆಳಗೆ ತೆಳುವಾದ ಗುಲಾಬಿ ಗೆರೆ ಮಾತ್ರ ಉಳಿದಿತ್ತು. "ಎಷ್ಟು ಚೆನ್ನಾಗಿ ಆಗಿದೆ!" ಎಂದೆ.

"ಹೌದ್ರಿ, ಎಲ್ಲಾರೂ ಹಂಗ ಅಂತಾರ," ಎಂದಳು ಆಕೆ. "ಆದ್ರ ಆಪರೇಷನ್ ಮಾಡಿ ಹೊರಗ ತಂದಾಗ, ನನ್ನ ಕೂಸು ಎಲ್ಲಿ ಅನ್ನಂಗಾತ್ರಿ. ಆ ನಗು ಇನ್ನ ಬರಂಗಿಲ್ಲಲ್ಲ ಅಂತ ಎರಡು ದಿನ ಅತ್ತೆ."

"ಆಕಿ ಒಬ್ಬಾಕಿನ ಅಲ್ರಿ," ಎಂದ ಗಂಡ, "ನಾನೂ ಅತ್ತೇನಿ."

ಮಗುವಿಗೆ ಇದಾವುದೂ ಬೇಕಿರಲಿಲ್ಲ. ಹಾಸಿಗೆಯ ಮೇಲೆ ಬಿಟ್ಟ ಕೂಡಲೇ ಬೋರಲು ಬಿದ್ದು, ತೆವಳಿಕೊಂಡು ಬಂದು, ನನ್ನ ಕ್ಯಾಮೆರಾದ ಪಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದು ಬಾಯಿಗಿಟ್ಟುಕೊಂಡಿತು.