ಪರದೆಯ ಆಚೆ ಅಕ್ಕ ಕಂಡದ್ದು

ದೆವ್ವ ಭೂತಗಳನ್ನು ನಾನು ನಂಬಿದವನಲ್ಲ. ಕೊರಳಲ್ಲಿ ಲಿಂಗ ಕಟ್ಟಿಕೊಂಡವರಿಗೆ ಅದರ ಗೊಡವೆ ಯಾಕೆ ಎನ್ನುವ ಮನೆ ನಮ್ಮದು. ಮೇಲಾಗಿ, ಆಗ ದೆವ್ವ ನನಗೆ ಹೊಟ್ಟೆಪಾಡಾಗಿತ್ತು. ನಿಜಾಮರ ಕಾಲ. ಮಾತಿಲ್ಲದ ಸಿನಿಮಾಗಳನ್ನು ಡೇರೆಯಲ್ಲಿ ತೋರಿಸುತ್ತ ಬೀದರ, ಭಾಲ್ಕಿ, ಔರಾದ ತಿರುಗುವ ಕಂಪನಿಯೊಂದರಲ್ಲಿ ನಾನು ಕಥೆ ಹೇಳುವವನು. ಪರದೆಯ ಪಕ್ಕ ಜನರಿಗೆ ಮುಖ ಮಾಡಿ ನಿಂತು, ಕನ್ನಡದಲ್ಲೊಮ್ಮೆ ಉರ್ದುವಿನಲ್ಲೊಮ್ಮೆ ಒದರುವುದು ನನ್ನ ಕೆಲಸ.

ಆ ವರ್ಷ ಪರದೇಶದ ಒಂದು ದೆವ್ವದ ಚಿತ್ರ ಬಂತು. ಅದನ್ನು ಮಾಡಿದ ಪುಣ್ಯಾತ್ಮ ಯಾರೋ, ಅವನಿಗೆ ಶರಣು. ಬೇರೆಯವರು ಬಿಳಿ ಬಟ್ಟೆ ಸುತ್ತಿದ ಮನುಷ್ಯನನ್ನು ಕುಣಿಸಿ ದೆವ್ವ ಅನ್ನುತ್ತಿದ್ದರು, ಜನ ನಗುತ್ತಿದ್ದರು. ಇವನು ದೆವ್ವವನ್ನು ತೋರಿಸಲೇ ಇಲ್ಲ. ಒಂದು ಹಳೆಯ ಮನೆ, ಮುಚ್ಚಿದ ಬಾಗಿಲು, ದೀಪ. ದೀಪದ ಕುಡಿ ಬಾಗುತ್ತದೆ. ಮಲಗಿದ್ದ ನಾಯಿ ಎದ್ದು ದೂರ ಹೋಗುತ್ತದೆ. ಬಾಗಿಲು ತಾನಾಗಿ ತೆರೆಯುತ್ತದೆ, ಒಳಗೆ ಬರೀ ಕತ್ತಲು. ಆ ಕತ್ತಲನ್ನೇ ಬಹಳ ಹೊತ್ತು ತೋರಿಸುತ್ತಾನೆ. ನೋಡುವವನ ಎದೆಯಲ್ಲಿದ್ದದ್ದು ಅಲ್ಲಿಂದ ಬರಲಿ ಎಂದು ಜಾಗ ಬಿಟ್ಟುಕೊಟ್ಟಿದ್ದ.

ಇದನ್ನು ನಮ್ಮ ಮಾಲೀಕ ಸಾಹೇಬರಿಗೆ ತಿಳಿಸಿ ಹೇಳುವುದರಲ್ಲಿ ನನಗೆ ಸಾಕುಸಾಕಾಯಿತು. ಬಾಗಿಲು ತೆರೆದ ಕೂಡಲೇ ‘ಬಂತು, ಬಂತು’ ಎಂದು ನಾನು ಕೂಗಬೇಕಂತೆ, ಹಾರ್ಮೋನಿಯಂ ಜೋರಾಗಬೇಕಂತೆ. ಕೋಣನ ಮುಂದೆ ಕಿನ್ನರಿ ನುಡಿಸಿದಂತಾಯಿತು ನನ್ನ ಪಾಡು. ಕೊನೆಗೆ ಬೀದರಿನ ಮೊದಲ ದಿನ ಹಟ ಹಿಡಿದೆ, ಆ ಭಾಗ ಬಂದಾಗ ನಾನು ಬಾಯಿ ಬಿಡುವುದಿಲ್ಲ ಎಂದೆ. ಜನ ಎದ್ದು ಹೋದರೆ ನಿಮ್ಮ ನೌಕರಿಯೂ ಹೋಯಿತು ಎಂದರು.

ಅಂದು ಮೈಲೂರಿನಿಂದ ನನ್ನ ಅಕ್ಕ ಬಂದಿದ್ದಳು. ನಾನು ಮೊಲೆ ಕುಡಿಯುವ ಕೂಸಾಗಿದ್ದಾಗಲೇ ಅವ್ವ ತೀರಿಹೋದಳು, ನನ್ನನ್ನು ಸಾಕಿದವಳು ಅಕ್ಕ. ಅವ್ವನದೊಂದು ಫೋಟೋ ಕೂಡ ಇಲ್ಲ. ಅವಳ ಮುಖ ಹೇಗಿತ್ತೆಂದು ನನಗೆ ಗೊತ್ತಿಲ್ಲ, ಆ ಕೊರಗು ಇವತ್ತಿಗೂ ಹೋಗಿಲ್ಲ. ಅಕ್ಕ ಹೆಂಗಸರೊಂದಿಗೆ ಪರದೆಯ ಆಚೆ ಕೂತಳು. ನಮ್ಮ ಡೇರೆಯ ಪದ್ಧತಿಯೇ ಹಾಗೆ. ಬಟ್ಟೆಯ ಪರದೆಗೆ ನೀರು ಹೊಡೆದರೆ ಚಿತ್ರ ಎರಡೂ ಬದಿಗೆ ಕಾಣುತ್ತದೆ. ಗಂಡಸರು ಈಚೆ, ಜನಾನಾ ಆಚೆ. ಆಚೆಯವರಿಗೆ ಎಡ ಬಲ ಅದಲುಬದಲಾಗಿರುತ್ತದೆ, ಅಷ್ಟೇ.

ಹೊತ್ತು ಮುಳುಗುತ್ತಲೇ ಆಟ ಶುರುವಾಯಿತು. ಬಾಗಿಲು ತೆರೆಯುವ ಭಾಗ ಬಂತು, ನಾನು ಸುಮ್ಮನಾದೆ. ಅಷ್ಟು ಜನರಲ್ಲಿ ಒಬ್ಬರೂ ಕೆಮ್ಮಲಿಲ್ಲ. ಬಿಟ್ಟ ಕಣ್ಣು ಬಿಟ್ಟಂತೆ ಕೂತ ಆ ಮುಖಗಳನ್ನು ನೋಡಿ ನಾನು ಹಿಗ್ಗಿದೆ.

ಆಟ ಮುಗಿಯುತ್ತಲೇ ಸಾಹೇಬರು ಕೆಂಡವಾಗಿ ಬಂದರು.

“ಜನಾನಾದಾಗಿನ ಹೆಣ್ಮಗಳು ಬಂದು ನಿಮ್ಮ ಬೆನ್ನ ಹಿಂದ ನಿಂತಾಳ, ನೀವು ಸುಮ್ಮ ನಿಂತೀರಲ್ರಿ. ಊರಾಗ ನಮ್ಮ ಇಜ್ಜತ್ ಏನಾಗಬೇಕ್ರಿ?”

ನನಗೆ ಮೈಯೆಲ್ಲ ಉರಿಯಿತು. ಆಟ ಗೆದ್ದಿದ್ದನ್ನು ಒಪ್ಪಲಾರದೆ ಈ ಮನುಷ್ಯ ಏನೋ ಹುಟ್ಟಿಸಿಕೊಂಡು ಬಂದಿದ್ದಾನೆ ಎಂದುಕೊಂಡೆ. ಜನಾನಾದ ಬಾಗಿಲು ಕಾಯುವ ಮುದುಕಿಯನ್ನು ಕರೆಸಿದೆವು. ಅಲ್ಲಿಂದ ಯಾರೂ ದಾಟಿಲ್ಲ ಎಂದು ಅವಳು ಆಣೆ ಮಾಡಿದಳು.

ಅಕ್ಕನನ್ನು ಮನೆಗೆ ಬಿಡಲು ಹೊರಟೆ. ಮೈಲೂರಿನ ದಾರಿಯಲ್ಲಿ ನಾನು ಸಾಹೇಬರನ್ನು ಬಯ್ಯಲು ಬಾಯಿ ತೆಗೆಯುವ ಮೊದಲೇ ಅಕ್ಕ ನಿಂತುಬಿಟ್ಟಳು.

“ಆ ಬಾಗಿಲದಾಗಿಂದ ಅವ್ವ ಬಂದಳಪ್ಪ. ಎಲ್ಲಾ ಉಲ್ಟಾ ಕಾಣತಿತ್ತು, ಆಕಿ ನತ್ತು ಮಾತ್ರ ಜೀವಂತ ಇದ್ದಾಗಿನಂಗ ಎಡಕ್ಕೇ ಇತ್ತು. ನನ್ನ ಒಮ್ಮಿ ನೋಡಿದಳು, ಆಮ್ಯಾಲ ನಿನ್ನ ಬೆನ್ನ ಹಿಂದ ಹೋಗಿ ನಿಂತಳು. ಭಾಳ ಹೊತ್ತು ನಿಂತಳು. ನೀ ಯಾಕ ಹೊಳ್ಳಿ ನೋಡಲಿಲ್ಲ?”

ಅಕ್ಕನ ಪಕ್ಕದಲ್ಲಿ ಕೂತವರಿಗೆ ಏನೂ ಕಂಡಿರಲಿಲ್ಲ. ಸಾಹೇಬರಿಗೂ ಅಕ್ಕನಿಗೂ ಮಾತು ಹೋಗಲಿ, ಮುಖಪರಿಚಯವೂ ಇರಲಿಲ್ಲ. ಭಾಲ್ಕಿಯಲ್ಲಿ, ಔರಾದದಲ್ಲಿ ಪ್ರತಿ ಆಟಕ್ಕೂ ಆ ಭಾಗ ಬಂದಾಗ ನಾನು ಜನರಿಗೆ ಬೆನ್ನು ಮಾಡಿ ನಿಂತೆ. ಕಥೆ ಹೇಳ್ರಿ ಎಂದು ಹಿಂದಿನಿಂದ ಕೂಗಿದರು, ಶೇಂಗಾ ಸಿಪ್ಪೆ ಎಸೆದರು. ಬಾಗಿಲಲ್ಲಿ ಕತ್ತಲು ಬಿಟ್ಟು ಏನೂ ಇರಲಿಲ್ಲ. ಆಮೇಲೆ ಆ ಚಿತ್ರ ಹೈದರಾಬಾದಿಗೆ ವಾಪಸು ಹೋಯಿತು, ಮತ್ತೆ ಬರಲಿಲ್ಲ.

ಅದು ಏನೆಂದು ಇಷ್ಟು ವರ್ಷವಾದರೂ ನನಗೆ ಬಗೆಹರಿದಿಲ್ಲ. ನಂಬು ಎಂದರೆ ನಂಬಲಾರೆ, ಸುಳ್ಳು ಎನ್ನಲು ನಾಲಗೆ ಬರುವುದಿಲ್ಲ. ನೆನೆದಾಗಲೆಲ್ಲ ಸಿಟ್ಟು ಮಾತ್ರ ಬರುತ್ತದೆ, ಅದೂ ಅವ್ವನ ಮೇಲೆ. ಅಷ್ಟು ದೂರದಿಂದ ಬಂದವಳು, ಹೆಸರು ಹಿಡಿದು ಒಂದು ಸಲ ಕೂಗಬಾರದಿತ್ತೇ?